ಸಂಪಾದಕರ ಉತ್ತರ: ರ‍್ಯಾಂಕ್ ಬಿಡಿ, ಅಂತರ ನೋಡೋಣ

ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಗಣಿತ ಶಿಕ್ಷಕಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಭಾರತ ಮತ್ತೆ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆ ಬರೆಯಬೇಕು ಎಂದು ಹೋದ ತಿಂಗಳ ಸಂಚಿಕೆಯಲ್ಲಿ ನಾನು ಬರೆದಿದ್ದೆ. ಅದಕ್ಕೆ ಅವರು ಹೇಳುವುದು, ಚಿಕ್ಕದಾಗಿ, ಇಷ್ಟು:

"ಹಿಂದೊಮ್ಮೆ ಬರೆದು ಕೊನೆಯ ಸಾಲಿನಲ್ಲಿ ನಿಂತಿದ್ದಾಯಿತು. ಮತ್ತೆ ಬರೆದರೂ ಅದೇ ಆಗುತ್ತದೆ. ಆಗ ಬೈಸಿಕೊಳ್ಳುವವರು ಯಾರು? ಸರ್ಕಾರಿ ಶಾಲೆಯ ಮೇಷ್ಟ್ರುಗಳು. ನನ್ನ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ದಸರಾ ರಜೆ ಮುಗಿದರೂ ಬಂದಿಲ್ಲ. ಅಮ್ಮ ರೇಷ್ಮೆ ಬಿಚ್ಚಾಣಿಕೆ ಕೆಲಸಕ್ಕೆ ಹೋಗುತ್ತಾಳೆ, ಇವಳು ತಮ್ಮನನ್ನು ನೋಡಿಕೊಳ್ಳುತ್ತಾಳೆ. ಈ ಮಕ್ಕಳನ್ನು ಸಿಂಗಾಪುರದ ಮಕ್ಕಳ ಪಕ್ಕ ನಿಲ್ಲಿಸಿ ಏನು ಸಾಧಿಸುತ್ತೀರಿ?"

ಮೇಡಂ, ನಮಸ್ಕಾರ.

ನಿಮ್ಮ ಪತ್ರ ಮೂರು ಸಲ ಓದಿದೆ. ಸಿಟ್ಟಿನಲ್ಲಿ ಬರೆದಿದ್ದೀರಿ, ಆದರೆ ಆ ಸಿಟ್ಟು ಮಕ್ಕಳ ಪರವಾಗಿ ಬಂದದ್ದು. ಹಾಗಾಗಿ ಎರಡು ಸಾಲಿನಲ್ಲಿ ಉತ್ತರ ಮುಗಿಸಲು ಮನಸ್ಸಾಗಲಿಲ್ಲ.

ಬೇರೆ ಓದುಗರಿಗಾಗಿ ಮೊದಲು ಒಂದೆರಡು ಮಾತು. ಪೀಸಾ ಅಂದರೆ ಒಇಸಿಡಿ ಎಂಬ ದೇಶಗಳ ಒಕ್ಕೂಟ 2000ರಿಂದ ನಡೆಸುತ್ತಿರುವ ಪರೀಕ್ಷೆ. ಬರೆಯುವವರು 15 ವರ್ಷದ ಮಕ್ಕಳು. ಓದು, ಗಣಿತ, ವಿಜ್ಞಾನ, ಮೂರೂ ಇರುತ್ತವೆ. 2022ರಲ್ಲಿ 81 ಕಡೆ ಸುಮಾರು 6.9 ಲಕ್ಷ ಮಕ್ಕಳು ಬರೆದರು. ಗಣಿತದಲ್ಲಿ ಸಿಂಗಾಪುರಕ್ಕೆ 575 ಅಂಕ, ಒಇಸಿಡಿ ದೇಶಗಳ ಸರಾಸರಿ 472. ನಮ್ಮಲ್ಲಿ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಮಾತ್ರ ಒಮ್ಮೆ ಬರೆದಿವೆ. ಫಲಿತಾಂಶ 2011ರ ಡಿಸೆಂಬರಿನಲ್ಲಿ ಬಂತು. ತಮಿಳುನಾಡಿಗೆ ಗಣಿತದಲ್ಲಿ 351, ಹಿಮಾಚಲಕ್ಕೆ 338. ಪಟ್ಟಿಯಲ್ಲಿ 74 ಹೆಸರಿದ್ದವು, ಇವೆರಡೂ ಬಹುತೇಕ ತಳದಲ್ಲಿದ್ದವು. ಪ್ರಶ್ನೆಗಳು ನಮ್ಮ ಮಕ್ಕಳ ಬದುಕಿಗೆ ಹೊಂದುವುದಿಲ್ಲ ಎಂದು ಹೇಳಿ ಭಾರತ ಆಚೆ ಬಂತು. ಇವತ್ತಿಗೂ ಮತ್ತೆ ಬರೆದಿಲ್ಲ.

ಈಗ ನಿಮ್ಮ ಭಯದ ವಿಷಯ. ಈ ಪರೀಕ್ಷೆಯಲ್ಲಿ ಯಾವ ಮಗುವಿಗೂ ಅಂಕಪಟ್ಟಿ ಬರುವುದಿಲ್ಲ. ಒಂದೇ ಕೊಠಡಿಯಲ್ಲಿ ಕೂತ ಮಕ್ಕಳಿಗೂ ಬೇರೆ ಬೇರೆ ಪ್ರಶ್ನೆಗಳ ಗುಂಪು ಸಿಗುತ್ತದೆ. ಒಬ್ಬ ಶಿಕ್ಷಕಿಯನ್ನು ಅಳೆಯಲು ಅದರಿಂದ ಆಗುವುದೇ ಇಲ್ಲ. ಆದರೂ ಬೈಗುಳ ನಿಮಗೇ ಬರುತ್ತದೆ ಅನ್ನುತ್ತೀರಿ. ಬರುತ್ತದೆ, ಒಪ್ಪಿದೆ. ಪತ್ರಿಕೆಯವರಾದ ನಾವೂ ರ‍್ಯಾಂಕನ್ನೇ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ಅದು ನಮ್ಮ ತಪ್ಪು. ಆ ವರದಿಯಲ್ಲಿ ರ‍್ಯಾಂಕಿಗಿಂತ ಮುಖ್ಯವಾದದ್ದು ಬೇರೆ ಇದೆ. ನಾನು ಅದಕ್ಕಾಗಿಯೇ ವಾದ ಮಾಡುತ್ತಿರುವುದು.

ಪರೀಕ್ಷೆಯ ಜೊತೆಗೆ ಮಕ್ಕಳಿಗೆ ಇನ್ನೊಂದು ಹಾಳೆ ಕೊಡುತ್ತಾರೆ. ನಿಮ್ಮ ಅಪ್ಪ ಅಮ್ಮ ಎಷ್ಟು ಓದಿದ್ದಾರೆ? ಏನು ಕೆಲಸ ಮಾಡುತ್ತಾರೆ? ಮನೆಯಲ್ಲಿ ಎಷ್ಟು ಪುಸ್ತಕಗಳಿವೆ? ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ? ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶದ ಜೊತೆ ಇಂಥ ಲೆಕ್ಕ ಎಂದಾದರೂ ಪತ್ರಿಕೆಯಲ್ಲಿ ನೋಡಿದ್ದೀರಾ? ಮೊದಲು ಬಂದ ಮಗುವಿನ ಬಾಯಿಗೆ ಸಿಹಿ ತಿನ್ನಿಸುವ ಫೋಟೊ ಮಾತ್ರ ಬರುತ್ತದೆ.

ಈ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ 2022ರಲ್ಲಿ ಕಂಡದ್ದು ಇದು. ಒಇಸಿಡಿ ದೇಶಗಳಲ್ಲೇ, ಅನುಕೂಲಸ್ಥ ಮನೆಗಳ ಮೇಲಿನ ಕಾಲು ಭಾಗದ ಮಕ್ಕಳಿಗೂ ಕಷ್ಟದಲ್ಲಿರುವ ಮನೆಗಳ ಕೆಳಗಿನ ಕಾಲು ಭಾಗದ ಮಕ್ಕಳಿಗೂ ಗಣಿತದಲ್ಲಿ ಸರಾಸರಿ 93 ಅಂಕಗಳ ಅಂತರ. ಸುಮಾರು 20 ಅಂಕ ಅಂದರೆ ಒಂದು ವರ್ಷದ ಕಲಿಕೆ ಎಂದು ಆ ಸಂಸ್ಥೆಯೇ ಲೆಕ್ಕ ಹಾಕುತ್ತದೆ. ಅಂದರೆ ಒಂದೇ ವಯಸ್ಸಿನ ಇಬ್ಬರು ಮಕ್ಕಳ ನಡುವೆ ನಾಲ್ಕು ವರ್ಷಕ್ಕಿಂತ ಜಾಸ್ತಿ ದೂರ. ನಿಮ್ಮ ತರಗತಿಯಲ್ಲಿ ಈ ದೂರವನ್ನು ನೀವು ದಿನಾ ನೋಡುತ್ತೀರಿ ಅಲ್ವಾ? ಒಂಬತ್ತನೇ ಕ್ಲಾಸಿನ ಪಾಠ ಮಾಡುತ್ತಾ ಐದನೇ ಕ್ಲಾಸಿನ ಭಾಗಾಕಾರಕ್ಕೆ ವಾಪಸ್ ಹೋಗಬೇಕಾಗುತ್ತದೆ ಎಂದು ನೀವೇ ಬರೆದಿದ್ದೀರಿ.

ನಮ್ಮ ದೇಶದ ಹಳ್ಳಿಗಳ ಲೆಕ್ಕವೂ ಇದೆ. ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ 2023ರಲ್ಲಿ 14ರಿಂದ 18 ವರ್ಷದವರನ್ನು ನೋಡಿತು. ನಾಲ್ವರಲ್ಲಿ ಸುಮಾರು ಒಬ್ಬರಿಗೆ ತಮ್ಮ ಭಾಷೆಯ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬರಲಿಲ್ಲ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದದ್ದು 100ಕ್ಕೆ 43 ಜನಕ್ಕೆ ಮಾತ್ರ.

ಆದರೆ ನಮ್ಮ ಜಿಲ್ಲೆಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಚೆನ್ನಾಗಿದೆಯಲ್ಲ ಎಂದು ಕೇಳುವವರಿದ್ದಾರೆ. 2020ರಲ್ಲಿ ಚಿಕ್ಕಬಳ್ಳಾಪುರ ರಾಜ್ಯಕ್ಕೇ ಮೊದಲ ಸ್ಥಾನ ಬಂತು, ಮಧುಗಿರಿ ಮೂರನೇ ಸ್ಥಾನ. ಶಿಕ್ಷಕರು ಹಗಲೂ ರಾತ್ರಿ ದುಡಿದಿದ್ದರು, ಅದು ಸಂತೋಷದ ವಿಷಯವೇ. ಆದರೆ 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ ಏನಾಯಿತು? ಹಿಂದಿನ ವರ್ಷ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಒಂದು ಕ್ಯಾಮೆರಾ ಬಂದರೆ ಪಾಸಾದವರು ನೂರಕ್ಕೆ ಹತ್ತು ಜನ ಕಡಿಮೆಯಾಗುತ್ತಾರೆ ಅಂದರೆ, ಆ ಲೆಕ್ಕದ ಮೇಲೆ ನಾವು ಎಷ್ಟು ಭರವಸೆ ಇಡಬಹುದು?

ಪ್ರಶ್ನೆಗಳು ನಮಗೆ ಹೊಂದುವುದಿಲ್ಲ ಎಂಬ ಮಾತಿಗೆ ಬರುತ್ತೇನೆ. ಪೀಸಾದವರೇ ಹೊರಗೆ ಬಿಟ್ಟಿರುವ ಒಂದು ಪ್ರಶ್ನೆ ಪಿಜ್ಜಾದ್ದು. ಯಾವ ದೇಶದ ಮಗುವಿಗೂ ಅನುಕೂಲ ಆಗದಿರಲಿ ಎಂದು ಅದರಲ್ಲಿ 'ಝೆಡ್' ಎಂಬ ಕಾಲ್ಪನಿಕ ಹಣ ಇಟ್ಟಿದ್ದಾರೆ. ಪಿಜ್ಜಾ ತೆಗೆದು ದೋಸೆ ಇಟ್ಟೆ, ಝೆಡ್ ತೆಗೆದು ರೂಪಾಯಿ ಇಟ್ಟೆ. ದಪ್ಪ ಒಂದೇ ಇರುವ ಎರಡು ದುಂಡು ದೋಸೆಗಳು. 30 ಸೆಂಟಿಮೀಟರ್ ಅಗಲದ್ದಕ್ಕೆ 30 ರೂಪಾಯಿ, 40 ಸೆಂಟಿಮೀಟರ್ ಅಗಲದ್ದಕ್ಕೆ 40 ರೂಪಾಯಿ. ಯಾವುದು ಕೊಂಡರೆ ಲಾಭ?

ಕೋಲಾರದಲ್ಲಿ ನಮ್ಮ ಬೀದಿಯ ನಾಲ್ಕು ಮಕ್ಕಳಿಗೆ ಕೊಟ್ಟೆ. ಎಲ್ಲರೂ ಒಂಬತ್ತು, ಹತ್ತನೇ ಕ್ಲಾಸಿನವರು. ಮೂವರು ತಕ್ಷಣ "ಎರಡೂ ಒಂದೇ ಸರ್" ಅಂದರು. ವೃತ್ತದ ವಿಸ್ತೀರ್ಣದ ಸೂತ್ರ ಹೇಳಿ ಅಂದೆ. ಪೈ ಆರ್ ಸ್ಕ್ವೇರ್, ಉಸಿರು ಬಿಡದೆ ಹೇಳಿದರು. ಆದರೆ ಆ ಸೂತ್ರ ಈ ದೋಸೆಗೆ ಸಂಬಂಧಪಟ್ಟದ್ದು ಎಂದು ಅವರಿಗೆ ಹೊಳೆಯಲಿಲ್ಲ. ಚಿಕ್ಕದಕ್ಕೆ ಒಂದು ಸೌಟು ಹಿಟ್ಟು ಬೇಕಾದರೆ ದೊಡ್ಡದಕ್ಕೆ ಎಷ್ಟು ಸೌಟು ಅಂತ ಕೇಳಿದ ಮೇಲೆ ಪೆನ್ನು ಓಡಿತು. ಒಂದೂ ಮುಕ್ಕಾಲಕ್ಕಿಂತ ಸ್ವಲ್ಪ ಜಾಸ್ತಿ. ಬೆಲೆ ಮಾತ್ರ ಒಂದೂ ಕಾಲಿಗಿಂತ ಸ್ವಲ್ಪ ಮೇಲೆ. ದೊಡ್ಡ ದೋಸೆಯೇ ಲಾಭ.

ನಾಲ್ಕನೆಯವಳು ಸುಮ್ನೆ ಕೂತಿದ್ದಳು. ಅವಳ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಪ್ರಶ್ನೆಯನ್ನು ಎರಡು ಸಲ ಓದಿದ್ದಳು, ಆದರೆ 'ಅಗಲ' ಅಂದರೆ ಇಲ್ಲಿ ವ್ಯಾಸ ಎಂದು ಗೊತ್ತಾಗಿರಲಿಲ್ಲ. ಅದನ್ನೇ ತೆಲುಗಿನಲ್ಲಿ ಹೇಳಿದೆ. ಉಳಿದ ಮೂವರಿಗಿಂತ ಮೊದಲು ಲೆಕ್ಕ ಮುಗಿಸಿದಳು. ಅವಳ ಅಂಕಪಟ್ಟಿಯಲ್ಲಿ ಗಣಿತಕ್ಕೆ 38. ಅದು ಗಣಿತದ ಅಂಕವೋ ಕನ್ನಡದ ಅಂಕವೋ? ಬಾಗೇಪಲ್ಲಿ, ಮುಳಬಾಗಿಲು, ಪಾವಗಡದ ಕಡೆ ಇಂಥ ಮಕ್ಕಳು ಎಷ್ಟು ಜನ ಇದ್ದಾರೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಈ ಪ್ರಶ್ನೆಯನ್ನು ರಾಜ್ಯದ ಮಟ್ಟದಲ್ಲಿ ಯಾರಾದರೂ ಕೇಳಬೇಕಾದರೆ ಮನೆಭಾಷೆಯ ಲೆಕ್ಕ ಕೈಯಲ್ಲಿರಬೇಕು. ಪೀಸಾ ಅದನ್ನು ಕೇಳುತ್ತದೆ.

ಇನ್ನು, ನಮ್ಮ ಕಡೆಯವರು ಹೆಮ್ಮೆಯಿಂದ ಹೇಳುವ ಒಂದು ಕಥೆ ಇದೆ. ನಾನೂ ಎಷ್ಟೋ ಸಲ ಹೇಳಿದ್ದೇನೆ. ಡಾ. ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದರು. ಓದಬೇಕೆಂದು ಬೆಂಗಳೂರಿಗೆ ನಡೆದೇ ಹೋದರು. ಭೌತವಿಜ್ಞಾನದ ಮೇಷ್ಟ್ರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಮನಸ್ಸು ಮಾಡಿದರೆ ಯಾರು ಬೇಕಾದರೂ ಹೀಗಾಗಬಹುದು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ.

ಬಡತನದಲ್ಲಿದ್ದೂ ತಮ್ಮ ದೇಶದ ಮೇಲಿನ ಕಾಲು ಭಾಗಕ್ಕೆ ಏರುವ ಇಂಥ ಮಕ್ಕಳನ್ನು ಪೀಸಾ ಬೇರೆಯಾಗಿ ಎಣಿಸುತ್ತದೆ. 2022ರಲ್ಲಿ ಒಇಸಿಡಿ ದೇಶಗಳ ಬಡ ಮನೆಗಳ 100 ಮಕ್ಕಳಲ್ಲಿ ಅವರು ಸುಮಾರು 10. ಮನೆಗೂ ಕಲಿಕೆಗೂ ಸಂಬಂಧವೇ ಇಲ್ಲದಿದ್ದರೆ 25 ಇರಬೇಕಿತ್ತು. ಆ ಉಳಿದ ಮಕ್ಕಳು ಮನಸ್ಸು ಮಾಡಲಿಲ್ಲವಾ? ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ನರಸಿಂಹಯ್ಯನವರ ಕಥೆಯ ಮುಂದಿನ ಭಾಗವನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜು ಶುರುವಾಗಲು ಅವರೇ ಕಾರಣ. ಬೆಂಗಳೂರಿಗೆ ನಡೆಯಲಾಗದ ಮಕ್ಕಳಿಗೂ ಕಾಲೇಜು ಸಿಕ್ಕಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ಪಾಠ ಎಲ್ಲ ಸಿಗುವುದನ್ನು ನೋಡಿ. ಮನೆಯಲ್ಲಿ ಏನು ಇಲ್ಲವೋ ಅದನ್ನೇ ಅಲ್ಲಿ ಕೊಡುತ್ತಾರೆ.

ಈ ಅಂತರ ಎಲ್ಲ ಕಡೆ ಒಂದೇ ಥರ ಇದ್ದಿದ್ದರೆ ಹಣೆಬರಹ ಅಂತ ಬಿಟ್ಟುಬಿಡಬಹುದಿತ್ತು. ಹಾಗಿಲ್ಲ. ಎಸ್ಟೋನಿಯಾ ಎಂಬ ದೇಶ ಇದೆ. ಜನಸಂಖ್ಯೆ ಸುಮಾರು 13 ಲಕ್ಷ, ಹೆಚ್ಚುಕಡಿಮೆ ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಷ್ಟೇ. ಗಣಿತದಲ್ಲಿ 510 ಅಂಕ, ಯುರೋಪಿನಲ್ಲೇ ಮುಂದೆ. ಮನೆಯ ಸ್ಥಿತಿ ಅಲ್ಲಿ ಕಲಿಕೆಯನ್ನು ಬೇರೆ ಎಷ್ಟೋ ದೇಶಗಳಿಗಿಂತ ಕಡಿಮೆ ಎಳೆಯುತ್ತದೆ. ಒಂಬತ್ತನೇ ತರಗತಿಯವರೆಗೆ ಮಕ್ಕಳನ್ನು ಬೇರೆ ಬೇರೆ ದಾರಿಗೆ ಹಂಚುವುದಿಲ್ಲ. ಶಾಲೆಯಲ್ಲಿ ಊಟ ಉಚಿತ. ಜರ್ಮನಿಯಲ್ಲಿ ಹೆಚ್ಚಿನ ಕಡೆ ನಾಲ್ಕನೇ ತರಗತಿ ಮುಗಿದ ಕೂಡಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುತ್ತಾರೆ. 2001ರಲ್ಲಿ ಮೊದಲ ಫಲಿತಾಂಶ ಬಂದಾಗ, ಅಲ್ಲಿ ಮನೆಯೇ ಮಗುವಿನ ಕಲಿಕೆಯನ್ನು ಬಹಳ ಮಟ್ಟಿಗೆ ನಿರ್ಧರಿಸುತ್ತದೆ ಎಂದು ತಿಳಿದು ಇಡೀ ದೇಶ ಬೆಚ್ಚಿಬಿತ್ತು. 2003ರಿಂದ ಸಂಜೆಯವರೆಗೆ ನಡೆಯುವ ಶಾಲೆಗಳಿಗಾಗಿ 400 ಕೋಟಿ ಯೂರೋ ತೆಗೆದಿಟ್ಟರು. ಕೆಲವು ವರ್ಷ ಮೇಲೆ ಬಂದರು, ಮತ್ತೆ ಇಳಿದಿದ್ದಾರೆ. ಎಲ್ಲರೂ ಕೊಂಡಾಡುತ್ತಿದ್ದ ಫಿನ್ಲೆಂಡೂ ಗಣಿತದಲ್ಲಿ 2003ರ 544ರಿಂದ 2022ಕ್ಕೆ 484ಕ್ಕೆ ಬಂದಿದೆ. ಒಮ್ಮೆ ಸರಿ ಮಾಡಿ ಕೈ ತೊಳೆದುಕೊಳ್ಳುವ ಕೆಲಸ ಇದಲ್ಲ.

ನಮ್ಮಲ್ಲಿ ಮಕ್ಕಳನ್ನು ಹಂಚುವ ಕೆಲಸ ಎಲ್‌ಕೆಜಿಯಲ್ಲೇ ಶುರುವಾಗುತ್ತದೆ. ದುಡ್ಡಿದ್ದವರ ಮಕ್ಕಳು ಹಳದಿ ಬಸ್ ಹತ್ತುತ್ತಾರೆ. ಉಳಿದವರಲ್ಲಿ ಚುರುಕಾದವರು ಪ್ರವೇಶ ಪರೀಕ್ಷೆ ಬರೆದು ಆರನೇ ತರಗತಿಗೆ ನವೋದಯ, ಮೊರಾರ್ಜಿ, ಆದರ್ಶ ಶಾಲೆಗಳಿಗೆ ಹೋಗುತ್ತಾರೆ. ಆಮೇಲೆ ಯಾರು ಉಳಿದರೋ ಅವರು ನಿಮ್ಮ ಬೆಂಚಿನಲ್ಲಿ ಕೂರುತ್ತಾರೆ. ಆ ಶಾಲೆಗಳಲ್ಲಿ ಓದಿ ಬದುಕು ಕಟ್ಟಿಕೊಂಡವರು ಸಾವಿರಾರು ಜನ, ಅವುಗಳನ್ನು ಮುಚ್ಚಿ ಎಂದು ನಾನು ಹೇಳುವುದಿಲ್ಲ. ಆದರೆ ಇಷ್ಟು ಸಲ ಜರಡಿ ಹಿಡಿದ ಮೇಲೆ ನಿಮ್ಮ ಫಲಿತಾಂಶವನ್ನೂ ಅವರ ಫಲಿತಾಂಶವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಈ ಮಾತನ್ನು ನಿಮ್ಮ ಪರವಾಗಿ ಗಟ್ಟಿಯಾಗಿ ಹೇಳಬೇಕಾದರೂ ಲೆಕ್ಕ ಬೇಕು ಮೇಡಂ.

ಅದಕ್ಕೇ ಒಂದು ಷರತ್ತು ಸೇರಿಸುತ್ತೇನೆ, ಹೋದ ತಿಂಗಳು ಬರೆಯಲು ಬಿಟ್ಟುಹೋಗಿತ್ತು. 2021ರ ಸುತ್ತಿಗೆ ಭಾರತ ಒಪ್ಪಿಕೊಂಡಿದ್ದಾಗ ಆರಿಸಿದ್ದು ಚಂಡೀಗಢ, ಕೇಂದ್ರೀಯ ವಿದ್ಯಾಲಯಗಳು, ನವೋದಯ ವಿದ್ಯಾಲಯಗಳು. ಕೋವಿಡ್‌ನಿಂದ ಪರೀಕ್ಷೆ 2022ಕ್ಕೆ ಹೋಯಿತು, ನಾವು ಬರೆಯಲಿಲ್ಲ. ಹಾಗೆ ಆರಿಸಿ ಬರೆದಿದ್ದರೆ ರ‍್ಯಾಂಕ್ ಮೇಲೇರುತ್ತಿತ್ತೇನೋ. ಚೀನಾ 2009ರಲ್ಲಿ ಶಾಂಘೈ ನಗರವೊಂದನ್ನೇ ಪಟ್ಟಿಗೆ ಸೇರಿಸಿ ಗಣಿತದಲ್ಲಿ 600 ಅಂಕದೊಂದಿಗೆ ಮೊದಲು ಬಂತು. ಆದರೆ ನಿಮ್ಮ ಶಾಲೆಯ ಮಕ್ಕಳ ಸುದ್ದಿಯೇ ಅದರಲ್ಲಿ ಬರುವುದಿಲ್ಲ. ಬರೆಯುವುದಾದರೆ ಎಲ್ಲ ಬಗೆಯ ಶಾಲೆಗಳಿಂದ ಚೀಟಿ ಎತ್ತಿ ಬರೆಸಬೇಕು. ಇಲ್ಲದಿದ್ದರೆ ಬೇಡವೇ ಬೇಡ. ಈ ಷರತ್ತು ನನಗೆ ಹೊಳೆದದ್ದು ನಿಮ್ಮ ಪತ್ರದಿಂದ.

ಇನ್ನು ನಿಮ್ಮ ಆ ಹುಡುಗಿ. ಪೀಸಾ ಅವಳನ್ನು ಎಣಿಸುವುದಿಲ್ಲ. ಶಾಲೆಯಲ್ಲಿರುವ ಮಕ್ಕಳಿಗೆ ಮಾತ್ರ ಆ ಪರೀಕ್ಷೆ. ವಿಯೆಟ್ನಾಂ 2012ರಲ್ಲಿ ಗಣಿತದಲ್ಲಿ 511 ಅಂಕ ಪಡೆದಾಗ ಜಗತ್ತೆಲ್ಲ ಬೆರಗಾಯಿತು. ಆದರೆ ಆ ಅಂಕದ ಲೆಕ್ಕಕ್ಕೆ ಬಂದವರು ಅಲ್ಲಿನ 15 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದವರು ಶಾಲೆಯಲ್ಲಿ ಇರಲಿಲ್ಲ ಅಥವಾ ಹಿಂದಿನ ತರಗತಿಗಳಲ್ಲಿದ್ದರು. ಈ ಪರೀಕ್ಷೆಯ ದೊಡ್ಡ ಕೊರತೆ ಇದೇ. ಇಲ್ಲಿ ನನ್ನ ಹತ್ತಿರ ವಾದ ಇಲ್ಲ, ನೀವು ಹೇಳಿದ್ದೇ ಸರಿ. ಖಾಲಿ ಬೆಂಚನ್ನು ಎಣಿಸುವವರು ಹಾಜರಿ ಪುಸ್ತಕ ಹಿಡಿದ ನೀವು ಮಾತ್ರ.

ಮುಂದಿನ ಸಂಚಿಕೆಯಿಂದ ದೋಸೆಯಂಥ ಒಂದೊಂದು ಪ್ರಶ್ನೆಯನ್ನು ಪ್ರತಿ ತಿಂಗಳೂ ಕೊನೆಯ ಪುಟದಲ್ಲಿ ಹಾಕುತ್ತೇವೆ. ನಿಮ್ಮ ತರಗತಿಯಲ್ಲಿ ಕೊಟ್ಟು ನೋಡಿ. ಬೇಕಾದರೆ ತೆಲುಗಿನಲ್ಲೂ ಓದಿ ಹೇಳಿ. ಮಕ್ಕಳು ಎಲ್ಲಿ ನಿಂತರು, ಯಾವ ಮಾತಿಗೆ ಪೆನ್ನು ಓಡಿತು ಎಂದು ಬರೆಯಿರಿ, ಶಾಲೆಯ ಹೆಸರಿಲ್ಲದೆ ಪ್ರಕಟಿಸುತ್ತೇವೆ. ಆ ಹುಡುಗಿ ವಾಪಸ್ ಬಂದರೆ ಒಂದು ಸಾಲು ಬರೆದು ತಿಳಿಸಿ. ಬರದಿದ್ದರೂ ತಿಳಿಸಿ. ನಿಮ್ಮ ಜೊತೆ ಅವಳ ಮನೆಗೆ ನಾನೂ ಬರುತ್ತೇನೆ.

ಸಂಪಾದಕ