ಕ್ಯಾನನ್ 1500ಡಿಗೆ ಮೊದಲ ಟೆಲಿ ಜೂಮ್: 55-250, 75-300, ಇಲ್ಲಾ ಸೆಕೆಂಡ್ ಹ್ಯಾಂಡ್ 150-600?

ನಿಮ್ಮ ಪ್ರಶ್ನೆ ಇಷ್ಟು: ಕೈಯಲ್ಲಿ 1500ಡಿ ಕ್ಯಾಮೆರಾ ಮತ್ತು ಅದರ ಜೊತೆಗೇ ಬಂದ 18-55 ಕಿಟ್ ಲೆನ್ಸ್ ಇದೆ (ಈ ಸಂಖ್ಯೆಗಳು ಎಂಎಂನಲ್ಲಿ ಲೆನ್ಸಿನ ಫೋಕಲ್ ಲೆಂತ್, ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಇರುವುದು ತುಮಕೂರಿನಲ್ಲಿ. ಕಗ್ಗಲಡುವಿನ ಕೊಕ್ಕರೆ, ಮೈದನಹಳ್ಳಿಯ ಕೃಷ್ಣಮೃಗ, ಸಿದ್ಧಗಂಗೆ ಜಾತ್ರೆ ಮೂರನ್ನೂ ತೆಗೆಯಬೇಕು. ಸಾಲ ಮಾಡಿಯಾದರೂ 150-600 ಕೊಳ್ಳಬೇಕೇ ಅಂತ ಕೇಳಿದ್ದೀರಿ.

ಬೇಡ. 55-250 ತಗೊಳ್ಳಿ. ಅದರಲ್ಲೂ ಲೆನ್ಸಿನ ಮೇಲೆ ‘ಐಎಸ್ ಎಸ್‌ಟಿಎಂ’ ಅಂತ ಬರೆದಿರುವುದನ್ನೇ ಕೇಳಿ (ಐಎಸ್ ಅಂದರೆ ಕೈ ನಡುಕ ತಡೆಯುವ ವ್ಯವಸ್ಥೆ, ಎಸ್‌ಟಿಎಂ ಅಂದರೆ ಫೋಕಸ್ ಮಾಡುವ ಮೋಟಾರಿನ ಬಗೆ). ಹಳೆಯ ‘ಐಎಸ್ II’ ಕೂಡ ಮಾರುಕಟ್ಟೆಯಲ್ಲಿದೆ, ಆದರೆ ಅದರ ಫೋಕಸ್ ನಿಧಾನ.

75-300 ಅಗ್ಗ, ಮೇಲಾಗಿ 300 ಅನ್ನುವ ಸಂಖ್ಯೆ ಆಸೆ ಹುಟ್ಟಿಸುತ್ತದೆ. ಆದರೆ 250ಕ್ಕೂ 300ಕ್ಕೂ ಇರುವ ಅಂತರ ಬರೀ ಶೇ. 20. ಅಷ್ಟಕ್ಕಾಗಿ ನೀವು ಕಳೆದುಕೊಳ್ಳುವುದು ಕೈ ನಡುಕ ತಡೆಯುವ ಐಎಸ್ ಅನ್ನು. ನಿಮ್ಮ ಕ್ಯಾಮೆರಾದ ಕ್ರಾಪ್ 1.6, ಅಂದರೆ ಸೆನ್ಸರ್ ಚಿಕ್ಕದಾದ್ದರಿಂದ ದೃಶ್ಯ 1.6 ಪಟ್ಟು ಕಿರಿದಾಗುತ್ತದೆ, ಕೈ ನಡುಕವೂ ಅಷ್ಟೇ ಹೆಚ್ಚು ಕಾಣುತ್ತದೆ. ಹಾಗಾಗಿ 300ರಲ್ಲಿ ಕೈಯಲ್ಲೇ ಹಿಡಿದು ತೆಗೆಯಲು ಕನಿಷ್ಠ 1/500 ಸೆಕೆಂಡಿನ ಶಟರ್ ಬೇಕು (300ನ್ನು 1.6ರಿಂದ ಗುಣಿಸಿದರೆ 480). ಬೆಳಗ್ಗೆ ಆರೂವರೆಗೆ ಹುಣಸೆ ಮರದ ನೆರಳಲ್ಲಿ ಎಫ್/5.6ಕ್ಕೆ (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು) ಅಷ್ಟು ಶಟರ್ ಬೇಕೆಂದರೆ ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅಂತ ಹೇಳುವ ಐಎಸ್‌ಒ 3200 ದಾಟುತ್ತದೆ, ಗರಿಯ ಮೇಲೆಲ್ಲಾ ಗ್ರೇನ್ (ಚುಕ್ಕೆ ಚುಕ್ಕೆ) ಬರುತ್ತದೆ. 55-250ರಲ್ಲಿ ಸುಮ್ಮನೆ ಕೂತ ಹಕ್ಕಿಯನ್ನು 1/125ಕ್ಕೇ ತೆಗೆಯಬಹುದು. ಸಾಲದ್ದಕ್ಕೆ 75-300 ತನ್ನ ಕೊನೆಯ ತುದಿಯಲ್ಲಿ ಮಸುಕು. 250ರಲ್ಲಿ ತೆಗೆದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡಿದರೆ ಅದೇ ಚೆನ್ನಾಗಿರುತ್ತದೆ.

ಎಷ್ಟು ಎಂಎಂ ಬೇಕು ಅನ್ನುವುದನ್ನು ಊಹೆಗೆ ಬಿಡಬೇಡಿ, ಲೆಕ್ಕ ಹಾಕಿ. ನಿಮ್ಮ ಸೆನ್ಸರಿನ ಅಗಲ 22.3 ಎಂಎಂ. ಅದನ್ನು ದೂರದಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಫ್ರೇಮಿನಲ್ಲಿ ಎಷ್ಟು ಅಗಲದ ಜಾಗ ಹಿಡಿಯುತ್ತದೆ ಅಂತ ಗೊತ್ತಾಗುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳಲ್ಲೇ. 25 ಮೀಟರ್ ದೂರದಿಂದ 250ರಲ್ಲಿ 2.2 ಮೀಟರ್ ಅಗಲ ಸಿಗುತ್ತದೆ. ರೆಕ್ಕೆ ಬಿಚ್ಚಿದ ಕೊಕ್ಕರೆ ಒಂದೂವರೆ ಮೀಟರ್ ಇರುತ್ತದೆ, ಫ್ರೇಮ್ ತುಂಬಿತು. ಅಲ್ಲಿ 600 ಹಿಡಿದರೆ ರೆಕ್ಕೆಯೇ ಕತ್ತರಿಸಿ ಹೋಗುತ್ತದೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲಲ್ಲಿ ಕತೆ ಬೇರೆ. ಕೃಷ್ಣಮೃಗ 80 ಮೀಟರ್ ದೂರದಲ್ಲಿದ್ದರೆ 250ರಲ್ಲಿ 7 ಮೀಟರ್ ಅಗಲದ ಹುಲ್ಲುಗಾವಲು ಬರುತ್ತದೆ, ಪ್ರಾಣಿ ಅದರಲ್ಲಿ ಆರನೇ ಒಂದು ಪಾಲು. ಆದರೂ ನಿಮ್ಮದು 6000 ಪಿಕ್ಸೆಲ್ ಅಗಲದ ಚಿತ್ರ, ಪ್ರಾಣಿಯ ಪಾಲಿಗೆ ಸಾವಿರ ಪಿಕ್ಸೆಲ್ ಉಳಿಯುತ್ತದೆ. ಮೊಬೈಲಿಗೂ ಸಣ್ಣ ಪ್ರಿಂಟಿಗೂ ಅದು ಧಾರಾಳ. ಹುಲ್ಲಿನ ನಡುವೆ ಹಿಂಡು ನಿಂತ ಚಿತ್ರವಂತೂ ನನ್ನ ಕಣ್ಣಿಗೆ ಬರೀ ಮುಖ ತುಂಬಿದ ಚಿತ್ರಕ್ಕಿಂತ ಚೆಂದ. ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆಯೊಳಗೆ ಕೆಲಸ ಮುಗಿಸಿ. ಆಮೇಲೆ ನೆಲ ಕಾದು ಬಿಸಿಗಾಳಿ ಏಳುತ್ತದೆ, ದೂರದ್ದೆಲ್ಲಾ ನೀರಿನೊಳಗೆ ಕಂಡಂತೆ ಅಲೆಯಾಡುತ್ತದೆ. ಲಕ್ಷ ರೂಪಾಯಿಯ ಲೆನ್ಸ್ ಹಾಕಿದರೂ ಅದು ಸರಿಹೋಗದು. ತುಂಬಾ ಜನ ಇದನ್ನೇ ಫೋಕಸ್ ದೋಷ ಅಂದುಕೊಂಡು ಲೆನ್ಸ್ ಮಾರಿಬಿಡುತ್ತಾರೆ.

150-600 ಕೆಟ್ಟ ಲೆನ್ಸ್ ಅಲ್ಲ. ಆದರೆ ಸಿಗ್ಮಾ ಕಂಟೆಂಪೊರರಿ 1.93 ಕೆಜಿ ತೂಗುತ್ತದೆ, 55-250 ಬರೀ 375 ಗ್ರಾಂ. 600ರಲ್ಲಿ ಫ್ರೇಮ್ ಎಷ್ಟು ಕಿರಿದೆಂದರೆ ಹಾರುವ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಹೋಗಿರುತ್ತದೆ. 1500ಡಿಯಲ್ಲಿ ಒಂಬತ್ತೇ ಫೋಕಸ್ ಪಾಯಿಂಟ್, ಅದರಲ್ಲಿ ಅಡ್ಡ ಉದ್ದ ಎರಡೂ ಗೆರೆ ಹಿಡಿಯುವ ಕ್ರಾಸ್ ಟೈಪ್ ನಡುವಿನದೊಂದೇ. ಆಸೆ ಹೋಗದಿದ್ದರೆ ಬೆಂಗಳೂರಿನಿಂದ ಎರಡು ದಿನಕ್ಕೆ ಬಾಡಿಗೆಗೆ ತಂದು ನೋಡಿ.

ಸೆಟ್ಟಿಂಗ್ ಹೀಗಿಡಿ: ಟಿವಿ ಮೋಡ್ (ಶಟರ್ ವೇಗ ನೀವೇ ಆರಿಸುವುದು), ಆಟೋ ಐಎಸ್‌ಒ, ಎಐ ಸರ್ವೋ (ಚಲಿಸುವುದನ್ನು ಹಿಂಬಾಲಿಸುವ ಫೋಕಸ್), ನಡುವಿನ ಫೋಕಸ್ ಪಾಯಿಂಟ್. ಅಲುಗಾಡುವ ಹಕ್ಕಿಗೆ 1/500, ಹಾರುವುದಕ್ಕೆ 1/1600. ಐಎಸ್ ನಿಲ್ಲಿಸುವುದು ನಿಮ್ಮ ಕೈ ನಡುಕವನ್ನು ಮಾತ್ರ, ಹಕ್ಕಿಯ ರೆಕ್ಕೆಯನ್ನಲ್ಲ. 1/125ರಲ್ಲಿ ಹಾರುವ ಹಕ್ಕಿ ಮಸುಕಾಗಿ ಬಂದರೆ ತಪ್ಪು ಲೆನ್ಸಿನದಲ್ಲ. ಆಕಾಶದ ಬೆಳಕಿಗೆ ಹಕ್ಕಿ ಕಪ್ಪಾಗಿ ಬಂದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಎರಡು ಪಟ್ಟು) ಏರಿಸಿ. ಮತ್ತೊಂದು ಮಾತು, ದಯವಿಟ್ಟು ಗೂಡಿನ ಕೆಳಗೆ ನುಗ್ಗಬೇಡಿ. ತಾಯಿ ಹಾರಿಹೋದರೆ ಮರಿಗೆ ಬಿಸಿಲೂ ತಾಗುತ್ತದೆ, ಕಾಗೆ ಹದ್ದುಗಳ ಬಾಯಿಗೂ ಬೀಳುತ್ತದೆ.

ಜಾತ್ರೆಯಲ್ಲಿ ಹಗಲಿನ ತೇರು, ದನದ ಪರಿಷೆ, ಜನರ ಮುಖಗಳಿಗೆ ಇದೇ ಲೆನ್ಸ್ ಸಾಕು. ರಾತ್ರಿಗೆ ಆಗದು. ಉಳಿದ ದುಡ್ಡಲ್ಲಿ 50 ಎಂಎಂ ಎಫ್/1.8 ತಗೊಳ್ಳಿ, ಎಫ್/5.6ಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ.

55-250 ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಎರಡೂ ಕಡೆಯ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಎಷ್ಟೇ ಅಗ್ಗವಾದರೂ ಬೇಡ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ನಿಮ್ಮ ಕ್ಯಾಮೆರಾಗೇ ಹಾಕಿ 250ಕ್ಕೆ ಎಳೆದು ಬಟನ್ ಅರ್ಧ ಒತ್ತಿ: ವ್ಯೂಫೈಂಡರಿನಲ್ಲಿ ತೂಗಾಡುತ್ತಿದ್ದ ಚಿತ್ರ ತಟ್ಟನೆ ನಿಂತಂತಾದರೆ ಐಎಸ್ ಸರಿಯಿದೆ. ಕ್ಯಾಮೆರಾ ಆಫ್ ಇದ್ದಾಗ ಫೋಕಸ್ ರಿಂಗ್ ತಿರುಗಿಸಿದರೂ ಏನೂ ಆಗದಿದ್ದರೆ ಹೆದರಬೇಡಿ, ಎಸ್‌ಟಿಎಂ ಲೆನ್ಸ್ ಇರುವುದೇ ಹಾಗೆ. ಅಡ್ಡ ಬೆಳಕು ತಡೆಯುವ ಹುಡ್ ಬೇರೆ ಕೊಳ್ಳಬೇಕು, ಇಟಿ-63 ಅಂತ ಕೇಳಿ. ಫಿಲ್ಟರ್ ಅಳತೆ 58 ಎಂಎಂ, ನಿಮ್ಮ 18-55ರದ್ದೂ ಅಷ್ಟೇ, ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಒಂದೇ ಕೊಂಡರೂ ಎರಡಕ್ಕೂ ಆಗುತ್ತದೆ.