ಪ್ರಾರ್ಥನೆಗೆ ಉತ್ತರ ಸಿಗದಿದ್ದರೆ ದೇವರು ಜೊತೆಯಲ್ಲಿಲ್ಲ ಅಂತಲೇ?

ಅಮ್ಮನ ಕಾಯಿಲೆ ವಾಸಿಯಾಗಲಿ ಅಂತ ಬಹಳ ಕಾಲದಿಂದ ಪ್ರಾರ್ಥಿಸುತ್ತಿದ್ದೀರಿ, ಏನೂ ಬದಲಾಗಿಲ್ಲ, ಸಭೆಯಲ್ಲಿ ಬೇರೆಯವರೆಲ್ಲ ದೇವರು ತಮಗೆ ಮಾಡಿದ ಒಳ್ಳೆಯದರ ಬಗ್ಗೆ ಸಾಕ್ಷಿ ಹೇಳುವಾಗ ‘ದೇವರು ನನ್ನ ಜೊತೆ ಇಲ್ಲವೇನೋ’ ಅನಿಸುತ್ತದೆ ಎಂದು ಬರೆದಿದ್ದೀರಿ. ಇದ್ದಾರೆ ಅಂತಲೇ ನಾನು ನಂಬುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಬೈಬಲಿನ 1 ಸಮುವೇಲ ಪುಸ್ತಕದ ಮೊದಲ ಅಧ್ಯಾಯ ತೆಗೆದು ನೋಡಿ. ಹನ್ನಳಿಗೆ ಮಕ್ಕಳಿಲ್ಲ. ಸವತಿ ಪೆನಿನ್ನ ವರ್ಷ ವರ್ಷವೂ ಅದನ್ನೇ ಎತ್ತಿ ಚುಚ್ಚುತ್ತಾಳೆ, ಹನ್ನ ಅತ್ತು ಊಟ ಬಿಡುತ್ತಾಳೆ. ಶೀಲೋವಿನ ದೇವಾಲಯದಲ್ಲಿ ಹನ್ನ ಅಳುತ್ತಾ ಪ್ರಾರ್ಥಿಸುತ್ತಾಳೆ. ತುಟಿ ಅಲುಗುತ್ತದೆ, ದನಿ ಹೊರಡುವುದಿಲ್ಲ. ಯಾಜಕ ಏಲಿ ‘ಈಕೆ ಕುಡಿದು ಬಂದಿದ್ದಾಳೆ’ ಅಂದುಕೊಳ್ಳುತ್ತಾನೆ! ಅವಳು ತನ್ನ ನೋವು ಹೇಳಿಕೊಂಡ ಮೇಲೆ, ಸಮಾಧಾನದಿಂದ ಹೋಗು ಎಂದು ಹರಸಿ ಕಳಿಸುತ್ತಾನೆ. ಅವಳು ಹೋಗಿ ಊಟ ಮಾಡುತ್ತಾಳೆ. ಆಮೇಲೆ ಅವಳ ಮುಖದಲ್ಲಿ ದುಃಖ ಇರಲಿಲ್ಲ ಅಂತ ಬರೆದಿದೆ.

ಇಲ್ಲಿ ಸ್ವಲ್ಪ ನಿಲ್ಲಿ. ಆಗ ಅವಳ ಮಗ ಸಮುವೇಲ ಇನ್ನೂ ಹುಟ್ಟಿಲ್ಲ. ಅವಳು ಗರ್ಭಿಣಿಯೂ ಅಲ್ಲ. ಪೆನಿನ್ನ ಅದೇ ಮನೆಯಲ್ಲೇ ಇದ್ದಾಳೆ. ಕೇಳಿದ್ದು ಕೈಗೆ ಬರುವ ಮೊದಲೇ ಹನ್ನಳಿಗೆ ಅನ್ನ ಸೇರಿತು. ದೇವರ ಸನ್ನಿಧಿ ಅಂದರೆ ನನಗೆ ನೆನಪಾಗುವುದು ಆ ಊಟ. ಸಾಕ್ಷಿ ಹೇಳುವಾಗ ನಾವು ಮಗು ಹುಟ್ಟಿದ್ದನ್ನು ಹೇಳುತ್ತೇವೆ, ಈ ಊಟದ ಮಾತು ಬಿಟ್ಟೇಬಿಡುತ್ತೇವೆ, ಅಲ್ವಾ?

ಪ್ರಾರ್ಥನೆಗೆ ಉತ್ತರ ಅಂದಕೂಡಲೇ ಜಾರ್ಜ್ ಮುಲ್ಲರ್ ಹೆಸರು ಬರುತ್ತದೆ. ಪ್ರಷ್ಯಾದಲ್ಲಿ (ಈಗಿನ ಜರ್ಮನಿ) ಹುಟ್ಟಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಲ್ಲಿ ಅನಾಥಾಲಯ ಶುರು ಮಾಡಿದವರು. ಯಾರ ಬಳಿಯೂ ಹಣ ಕೇಳದೆ ದೇವರನ್ನು ಮಾತ್ರ ಕೇಳುವುದು ಅವರ ನಿಯಮ. ಅವರ ಜೀವಮಾನದಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಮಕ್ಕಳು ಅಲ್ಲಿ ಆಶ್ರಯ ಪಡೆದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ 1870ರಲ್ಲಿ ಅವರ ಹೆಂಡತಿ ಮೇರಿ ಕಾಯಿಲೆಯಿಂದ ತೀರಿಕೊಂಡರು. ಆಕೆಗಾಗಿ ಪ್ರಾರ್ಥಿಸಲು ಮುಲ್ಲರ್‌ಗಿಂತ ಬೇರೆ ಯಾರು ಬೇಕಿತ್ತು? ಅಂತ್ಯಕ್ರಿಯೆಯ ಸಂದೇಶವನ್ನು ಅವರೇ ಕೊಟ್ಟರು. ಆರಿಸಿಕೊಂಡ ವಾಕ್ಯ ಕೀರ್ತನೆ 119:68, ದೇವರು ಒಳ್ಳೆಯವರು, ಒಳ್ಳೆಯದನ್ನೇ ಮಾಡುವವರು ಎಂಬುದು. ಮೇರಿಯನ್ನು ಕೊಟ್ಟಾಗಲೂ, ಇಷ್ಟು ವರ್ಷ ಉಳಿಸಿದಾಗಲೂ, ಕರೆದುಕೊಂಡಾಗಲೂ ದೇವರು ಒಳ್ಳೆಯವರೇ ಅಂದರು. ಅನಾಥಾಲಯಕ್ಕೆ ಬಂದ ಹಣಕ್ಕಿಂತ ಈ ಮಾತು ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುತ್ತದೆ.

ನಮ್ಮ ಅಪ್ಪ ಹಾಸಿಗೆ ಹಿಡಿದಾಗ ನಾವೂ ಉಪವಾಸ ಪ್ರಾರ್ಥನೆ ಮಾಡಿದೆವು. ಅವರು ಉಳಿಯಲಿಲ್ಲ. ಕೊನೆಯ ವಾರ ಅಪ್ಪನೇ ನಮ್ಮನ್ನೆಲ್ಲ ಕೂರಿಸಿಕೊಂಡು ಪ್ರಾರ್ಥಿಸುತ್ತಿದ್ದರು, ಹೆದರಿಕೆ ಇರಲಿಲ್ಲ. ಆ ಧೈರ್ಯ ಅವರಿಗೆ ಎಲ್ಲಿಂದ ಬಂತು ಅನ್ನುವುದರಲ್ಲಿ ನನಗೆ ಸಂಶಯವಿಲ್ಲ.

‘ನಿಮಗೆ ನಂಬಿಕೆ ಕಡಿಮೆ, ಅದಕ್ಕೇ ಗುಣವಾಗಿಲ್ಲ’ ಅಂತ ಯಾರಾದರೂ ಹೇಳಿದರೆ ದಯವಿಟ್ಟು ತಲೆಗೆ ಹಾಕಿಕೊಳ್ಳಬೇಡಿ. ಅಪೊಸ್ತಲ ಪೌಲ ತನ್ನ ಶರೀರದ ಮುಳ್ಳು, ಅಂದರೆ ತನ್ನನ್ನು ಬಿಡದೆ ಕಾಡುತ್ತಿದ್ದ ಬಾಧೆ, ತೆಗೆಯಿರಿ ಅಂತ ದೇವರನ್ನು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ. ಸಿಕ್ಕಿದ್ದು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಮಾತು. ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿಯೇ ಈ ಪಾತ್ರೆ, ಅಂದರೆ ಬರಲಿದ್ದ ಸಂಕಟ, ನನ್ನಿಂದ ದೂರವಾಗಲಿ ಅಂತ ಬೇಡಿದರು, ಮರುದಿನ ಶಿಲುಬೆಗೆ ಹೋದರು. ಅವರಿಬ್ಬರಿಗೂ ನಂಬಿಕೆ ಕಡಿಮೆ ಇತ್ತೇ?

ಅಮ್ಮನ ಔಷಧಿ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಗುಣವಾಗಲಿ ಅಂತ ಕೇಳುವುದನ್ನೂ ನಿಲ್ಲಿಸಬೇಡಿ. ಮಾತು ಬರದ ದಿನ ಕೀರ್ತನೆ 88ನ್ನು ಗಟ್ಟಿಯಾಗಿ ಓದಿ. ಅದು ಕೊನೆಯವರೆಗೂ ಗೋಳೇ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಬೈಬಲಿನಲ್ಲಿ ಅದಕ್ಕೆ ಜಾಗ ಇದೆ. ಸಾಧ್ಯವಾದರೆ ಸಭೆಯಲ್ಲಿ ನಿಮಗೆ ಆಪ್ತರಾದ ಒಬ್ಬರನ್ನು ಮನೆಗೆ ಕರೆದು, ಅಮ್ಮನ ಪಕ್ಕದಲ್ಲೇ ಕೂತು ಒಟ್ಟಿಗೆ ಪ್ರಾರ್ಥಿಸಿ. ನಿಮ್ಮ ಅಮ್ಮನಿಗಾಗಿ ನಾನೂ ಪ್ರಾರ್ಥಿಸುತ್ತೇನೆ.