ಕನ್ನಡ ಮೆನುವಿನಲ್ಲಿ ಪದಗಳೂ ಶಾರ್ಟ್‌ಕಟ್‌ಗಳೂ ಎಲ್ಲೆಡೆ ಒಂದೇ ರೀತಿ ಇರಬೇಕಾದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ಸಹಕಾರ ಸಂಘವೊಂದಕ್ಕೆ ನೀವು ಬರೆಯುತ್ತಿರುವ ಬಿಲ್ಲಿಂಗ್ ತಂತ್ರಾಂಶದಲ್ಲಿ ಒಂದೇ ಕೆಲಸಕ್ಕೆ ಒಂದು ಕಡೆ ‘ಉಳಿಸು’, ಇನ್ನೊಂದು ಕಡೆ ‘ಸಂರಕ್ಷಿಸಿ’, ಮತ್ತೊಂದು ಕಡೆ ‘ಸೇವ್ ಮಾಡಿ’ ಎಂದಾಗಿದೆ, ಇದನ್ನು ಸರಿಪಡಿಸುವುದು ಹೇಗೆ, ಮತ್ತು ಮೆನು ಕನ್ನಡವಾದ ಮೇಲೆ ಉಳಿಸುವ ಕೀಲಿಯಾದ ಕಂಟ್ರೋಲ್+ಎಸ್ ಕೂಡ ಕನ್ನಡದ ಅಕ್ಷರಕ್ಕೆ ಬದಲಾಗಬೇಕೇ? ಎರಡನೆಯದಕ್ಕೆ ನನ್ನ ಉತ್ತರ ಬೇಡ ಎಂದೇ. ಮೊದಲನೆಯದಕ್ಕೆ ತುಸು ವಿವರ ಬೇಕು.

ಕೋಡ್ ಮುಟ್ಟುವ ಮೊದಲು ತಂತ್ರಾಂಶದಲ್ಲಿರುವ ಕ್ರಿಯಾಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದು ಕೆಲಸಕ್ಕೆ ಎರಡು ಪದಗಳಿರುವುದು ಆಗ ಕಣ್ಣಿಗೆ ಬೀಳುತ್ತದೆ. ಆದರೆ ಹೆಚ್ಚು ಅಪಾಯಕಾರಿಯಾದದ್ದು ಎರಡು ಕೆಲಸಗಳಿಗೆ ಒಂದೇ ಪದವಿರುವುದು. ಇದನ್ನು ನಾನು ಕೈಸುಟ್ಟುಕೊಂಡೇ ಕಲಿತೆ. ಅಂಗಡಿಯೊಂದಕ್ಕೆ ನಾನು ಮಾಡಿಕೊಟ್ಟಿದ್ದ ತಂತ್ರಾಂಶದಲ್ಲಿ ಬಿಲ್ಲಿನ ಸಾಲೊಂದನ್ನು ಕೈಬಿಡುವುದಕ್ಕೂ ‘ಅಳಿಸು’ ಎಂದಿತ್ತು, ಸರಕುಗಳ ಪಟ್ಟಿಯಿಂದ ಸರಕನ್ನೇ ತೆಗೆದುಹಾಕುವುದಕ್ಕೂ ‘ಅಳಿಸು’ ಎಂದಿತ್ತು. ಎರಡಕ್ಕೂ ಡಿಲೀಟ್ ಕೀಲಿಯೇ, ಎರಡರಲ್ಲೂ ‘ಅಳಿಸಬೇಕೇ?’ ಎಂಬ ಅದೇ ಪ್ರಶ್ನೆ. ದಿನಕ್ಕೆ ಹತ್ತಾರು ಬಾರಿ ಬಿಲ್ಲಿನಲ್ಲಿ ಹಾಗೆ ಒತ್ತಿ ರೂಢಿಯಾಗಿದ್ದ ಗುಮಾಸ್ತರು ಒಂದು ಸಂಜೆ ಸರಕುಗಳ ಪಟ್ಟಿಯಲ್ಲಿ ಅದನ್ನೇ ಮಾಡಿದರು. ಹಿಂದಿನ ರಾತ್ರಿಯ ಬ್ಯಾಕಪ್ ಇದ್ದುದರಿಂದ ನಾನು ಬಚಾವಾದೆ, ಆದರೆ ಆ ದಿನದ ಬಿಲ್ಲುಗಳನ್ನು ಮತ್ತೆ ನಮೂದಿಸಬೇಕಾಯಿತು. ಈಗ ಬಿಲ್ಲಿನ ಸಾಲಿಗೆ ‘ತೆಗೆ’, ಸರಕಿಗೆ ‘ಶಾಶ್ವತವಾಗಿ ಅಳಿಸು’ ಎಂದಿದೆ. ಎರಡನೆಯದಕ್ಕೆ ಕೀಲಿಯನ್ನೇ ಕೊಟ್ಟಿಲ್ಲ, ಮತ್ತು ಖಚಿತಪಡಿಸುವ ಡೈಲಾಗಿನ ಗುಂಡಿಗಳಲ್ಲಿ ‘ಹೌದು’, ‘ಇಲ್ಲ’ ಎಂಬುದರ ಬದಲು ‘ಅಳಿಸು’, ‘ಬೇಡ’ ಎಂದು ಬರೆದಿದ್ದೇನೆ.

ಬಿಲ್ಲಿಂಗ್ ತಂತ್ರಾಂಶದಲ್ಲಿ ಇನ್ನೂ ದೊಡ್ಡ ತೊಡಕು ‘ರದ್ದು’ ಎಂಬ ಪದದ್ದು. ಡೈಲಾಗನ್ನು ಬಿಟ್ಟು ಹೊರಬರುವುದು, ಈಗಷ್ಟೇ ಮಾಡಿದ್ದನ್ನು ಕಂಟ್ರೋಲ್+ಝಡ್ ಒತ್ತಿ ಹಿಂದಕ್ಕೆ ಪಡೆಯುವುದು, ಕೊಟ್ಟ ಬಿಲ್ಲನ್ನೇ ಅಸಿಂಧುಗೊಳಿಸುವುದು, ಈ ಮೂರಕ್ಕೂ ನಮಗೆ ಮೊದಲು ನೆನಪಾಗುವ ಪದ ಅದೇ. ಲೆಕ್ಕ ಬರೆಯುವವರಿಗೆ ‘ರದ್ದು’ ಎಂದರೆ ಮೂರನೆಯದು ಮಾತ್ರ. ಆದ್ದರಿಂದ ಅದನ್ನು ಬಿಲ್ಲಿಗೇ ಮೀಸಲಿಟ್ಟು, ಮೊದಲನೆಯದಕ್ಕೆ ‘ಬೇಡ’ ಎಂದೂ ಎರಡನೆಯದಕ್ಕೆ ‘ಮೊದಲಿನಂತಾಗಿಸು’ ಎಂದೂ ಇಡುವುದು ಒಳ್ಳೆಯದು.

‘ಉಳಿಸು’ ಸರಿಯೋ ‘ಉಳಿಸಿ’ ಸರಿಯೋ ಎಂಬ ಜಗಳ ಕನ್ನಡ ಅನುವಾದಕರಲ್ಲಿ ಹಳೆಯದು. ಮೆನುವಿನಲ್ಲಿ ಅಪ್ಪಣೆ ಕೊಡುವವರು ಬಳಕೆದಾರರು, ಕೇಳಬೇಕಾದದ್ದು ಗಣಕ. ಅಲ್ಲಿ ‘ಉಳಿಸು’ ಸಾಕು. ‘ದಯವಿಟ್ಟು ಗ್ರಾಹಕರ ಹೆಸರು ನಮೂದಿಸಿ’ ಎಂಬಂತಹ ಸಂದೇಶದಲ್ಲಿ ಗಣಕವೇ ಬಳಕೆದಾರರೊಡನೆ ಮಾತನಾಡುತ್ತಿರುವುದರಿಂದ ಅಲ್ಲಿ ಬಹುವಚನವೇ ಬೇಕು. ಈ ಒಂದು ನಿಯಮ ನಿಮ್ಮ ಹಾಳೆಯಲ್ಲಿರುವ ಅರ್ಧದಷ್ಟು ಗೊಂದಲವನ್ನು ಬಗೆಹರಿಸುತ್ತದೆ. ಇನ್ನು ಹೆಸರಿನ ಕೊನೆಯ ಮೂರು ಚುಕ್ಕೆಗಳು ಅಲಂಕಾರಕ್ಕಲ್ಲ: ಕೆಲಸ ನಡೆಯುವ ಮೊದಲು ಇನ್ನೇನನ್ನೋ ಕೇಳಲಿಕ್ಕಿದೆ ಎಂಬ ಸೂಚನೆ ಅದು. ‘ಮುದ್ರಿಸು…’ ಎಂದರೆ ಪ್ರಿಂಟರ್ ಯಾವುದು, ಪ್ರತಿಗಳೆಷ್ಟು ಎಂದು ಕೇಳಬೇಕು. ಚುಕ್ಕೆಗಳಿಲ್ಲದ ‘ಮುದ್ರಿಸು’ ಒತ್ತಿದ ಕೂಡಲೇ ಕಾಗದ ಹೊರಬರಬೇಕು.

ಶಾರ್ಟ್‌ಕಟ್‌ಗಳಲ್ಲಿ ಎರಡು ಜಾತಿ. ಆಲ್ಟ್ ಒತ್ತಿ ಅಡಿಗೆರೆಯುಳ್ಳ ಅಕ್ಷರದಿಂದ ಮೆನು ತೆರೆಯುವುದು ಒಂದು, ಕಂಟ್ರೋಲ್ ಜೊತೆಗಿನ ನೇರ ಕೀಲಿ ಇನ್ನೊಂದು. ಮೊದಲನೆಯದಕ್ಕೆ ಕನ್ನಡ ಅಕ್ಷರ ಕೊಡುವ ಆಸೆ ಸಹಜ, ಆದರೆ ‘ಉಳಿಸು’ ಎಂಬುದರ ‘ಉ’ವನ್ನೇ ನೋಡಿ: ಭಾರತೀಯ ಭಾಷೆಗಳಿಗೆಂದೇ ಇರುವ ಇನ್‌ಸ್ಕ್ರಿಪ್ಟ್ ಎಂಬ ಕೀಲಿ ವಿನ್ಯಾಸದಲ್ಲಿ ಅದು ಶಿಫ್ಟ್ ಹಿಡಿದು ಒತ್ತುವ ಜಿ ಕೀಲಿಯಲ್ಲಿದೆ, ಕನ್ನಡ ಬರೆಯುವ ‘ನುಡಿ’ ತಂತ್ರಾಂಶದ ಕಗಪ ವಿನ್ಯಾಸದಲ್ಲಿ ಯು ಕೀಲಿಯಲ್ಲಿದೆ. ಹೀಗಾಗಿ ಎಲ್ಲರಿಗೂ ಒಂದೇ ಕೀಲಿ ಎಂದಾಗುವುದಿಲ್ಲ. ಸಾಲದ್ದಕ್ಕೆ ಅಡಿಗೆರೆಯು ಒತ್ತಕ್ಷರಗಳ ಮೇಲೆ ಹಾದುಹೋಗಿ ಓದನ್ನೇ ಕೆಡಿಸುತ್ತದೆ. ಲಿನಕ್ಸ್ ಗಣಕಗಳಲ್ಲಿ ಬಳಸುವ ಗ್ನೋಮ್ ಡೆಸ್ಕ್‌ಟಾಪಿನ ಕನ್ನಡ ಅನುವಾದಗಳಲ್ಲಿ ‘ಕಡತ’ ಎಂದು ಬರೆದು ಪಕ್ಕದ ಕಂಸದಲ್ಲಿ ಇಂಗ್ಲಿಷಿನ ಎಫ್ ಅಕ್ಷರವನ್ನು ಅಡಿಗೆರೆಯೊಂದಿಗೆ ಇಡುವುದು ಇದಕ್ಕಾಗಿಯೇ; ಜಪಾನಿ ಮೆನುಗಳೂ ಹೀಗೆಯೇ ಇರುತ್ತವೆ. ನೋಡಲು ಚೆಂದವಿಲ್ಲ, ಆದರೆ ಯಾವ ಕೀಬೋರ್ಡಿನಲ್ಲೂ ಕೆಲಸ ಕೆಡುವುದಿಲ್ಲ.

ಕಂಟ್ರೋಲ್ ಕೀಲಿಗಳನ್ನು ಅನುವಾದಿಸಿದರೆ ಏನಾಗುತ್ತದೆ ಎಂಬುದಕ್ಕೆ ಮೈಕ್ರೋಸಾಫ್ಟ್ ವರ್ಡ್‌ನ ಸ್ಪ್ಯಾನಿಷ್ ಆವೃತ್ತಿ ಸಾಕ್ಷಿ. ಅಲ್ಲಿ ಸ್ಪ್ಯಾನಿಷ್ ಪದಗಳ ಮೊದಲ ಅಕ್ಷರ ಹಿಡಿದು, ಉಳಿಸಲು ಕಂಟ್ರೋಲ್+ಜಿ, ಅಕ್ಷರ ದಪ್ಪವಾಗಿಸಲು ಕಂಟ್ರೋಲ್+ಎನ್. ಬೇರೆಡೆ ಕಂಟ್ರೋಲ್+ಎನ್ ಒತ್ತಿ ಹೊಸ ಕಡತ ತೆರೆದು ಅಭ್ಯಾಸವಿರುವ ಬೆರಳು ಅಲ್ಲಿ ತಪ್ಪುತ್ತದೆ. ಮೊದಲಿನಂತಾಗಿಸುವ, ಕತ್ತರಿಸುವ, ನಕಲಿಸುವ, ಅಂಟಿಸುವ ಝಡ್, ಎಕ್ಸ್, ಸಿ, ವಿ ಕೀಲಿಗಳು 1983ರ ಆ್ಯಪಲ್ ಲೀಸಾ ಗಣಕದಿಂದ ಬಳಕೆಗೆ ಬಂದವು; ಅವು ಕೀಬೋರ್ಡಿನ ಕೆಳಸಾಲಿನಲ್ಲಿ ಅಕ್ಕಪಕ್ಕ ಇರುವುದರಿಂದ ಕೈಗೆ ಒಗ್ಗಿವೆ, ಅಂಟಿಸುವುದಕ್ಕೂ ವಿ ಅಕ್ಷರಕ್ಕೂ ಇಂಗ್ಲಿಷಿನಲ್ಲೂ ನಂಟಿಲ್ಲ. ಪದ ಕನ್ನಡದ್ದು, ಕೀಲಿ ಬೆರಳಿನದ್ದು.

ನಿಮ್ಮ ಸಂಘದ ಸಿಬ್ಬಂದಿಯ ಬೆರಳು ಎಲ್ಲಿ ಪಳಗಿದೆ ಎಂಬುದನ್ನೂ ವಿಚಾರಿಸಿ. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯಲ್ಲಿ ಕಂಟ್ರೋಲ್+ಎ ಎಂದರೆ ನಮೂದನ್ನು ಒಪ್ಪಿ ದಾಖಲಿಸುವುದು, ಬೇರೆ ಹೆಚ್ಚಿನ ಕಡೆ ಎಲ್ಲವನ್ನೂ ಆಯ್ಕೆ ಮಾಡುವುದು. ಅವರು ಟ್ಯಾಲಿ ಬಳಸಿ ರೂಢಿಯಾದವರಾದರೆ ಅಲ್ಲಿರುವಂತೆಯೇ ಮಾರಾಟಕ್ಕೆ ಎಫ್8 ಇಡುವುದು ಉಪಕಾರವೇ. ಆದರೆ ಕಂಟ್ರೋಲ್+ಎ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬಂದು ಎಲ್ಲ ವಿಂಡೋಗಳಲ್ಲೂ ಅದನ್ನೇ ಪಾಲಿಸಿ. ಕಂಟ್ರೋಲ್+ಆಲ್ಟ್ ಜೋಡಿಯನ್ನು ಮಾತ್ರ ದೂರವಿಡಿ: ವಿಂಡೋಸ್‌ನ ಭಾರತೀಯ ಇಂಗ್ಲಿಷ್ ಕೀಬೋರ್ಡಿನಲ್ಲಿ ಕಂಟ್ರೋಲ್+ಆಲ್ಟ್+4 ಒತ್ತಿದರೆ ₹ ಚಿಹ್ನೆ ಮೂಡುತ್ತದೆ, ಬಿಲ್ ಬರೆಯುವವರಿಗೆ ಅದು ಬೇಕೇ ಬೇಕು.

ಕೊನೆಗೆ, ಹೆಸರು, ಕೀಲಿ ಮತ್ತು ಕ್ರಿಯೆಯನ್ನು ಪ್ರತಿ ವಿಂಡೋದಲ್ಲಿ ಬೇರೆಬೇರೆಯಾಗಿ ಬರೆಯದೆ ಒಂದೇ ಕಡತದಲ್ಲಿಟ್ಟು, ಎಲ್ಲ ವಿಂಡೋಗಳೂ ಅಲ್ಲಿಂದಲೇ ಓದುವಂತೆ ಮಾಡಿ. ಆ ಕಡತವನ್ನು ಒಮ್ಮೆ ಹೆಸರಿನ ಪ್ರಕಾರ, ಇನ್ನೊಮ್ಮೆ ಕೀಲಿಯ ಪ್ರಕಾರ ವಿಂಗಡಿಸಿ ಮುದ್ರಿಸಿದರೆ, ಎರಡು ಕೆಲಸಗಳಿಗೆ ಹಂಚಿಹೋಗಿರುವ ಪದವೂ ಕೀಲಿಯೂ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ.